ಆಪರೇಷನ್ ದಿನ ತಿಂಡಿ ಬೇಡ ಅಂದರೆ ತಿಂಡಿ ಬೇಡ

ದಾವಣಗೆರೆಯಲ್ಲಿ ಯಾರಾದರೂ ಪುಣ್ಯಾತ್ಮರು ಕಡಿಮೆ ದುಡ್ಡಿಗೆ ನಾಯಿ, ಬೆಕ್ಕುಗಳ ಸಂತಾನಹರಣ ಶಿಬಿರ ಇಟ್ಟರೆ ಹೆಸರಿನ ಪಟ್ಟಿ ಬೇಗ ತುಂಬುತ್ತದೆ. ಬಡವರಿಗೆ ಇದರಲ್ಲೆಲ್ಲಾ ಆಸಕ್ತಿ ಇಲ್ಲ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಹಮಾಲಿ ಮಾಡುವವರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಮನೆಗೆಲಸಕ್ಕೆ ಹೋಗುವ ಹೆಂಗಸರು, ಒಂದು ದಿನದ ಕೂಲಿ ಬಿಟ್ಟು, ನಾಯಿ ಹತ್ತಿಸಿಕೊಳ್ಳಲ್ಲ ಅನ್ನುವ ಆಟೋದವರ ಹತ್ತಿರ ಜಗಳ ಆಡಿಕೊಂಡು ಬರುತ್ತಾರೆ. ಅಷ್ಟು ಕಷ್ಟಪಟ್ಟು ಬಂದವರಲ್ಲಿ ಕೆಲವರನ್ನು ಶಿಬಿರದಲ್ಲಿ ಕೆಲಸ ಮಾಡುವ ನಾವು ವಾಪಸ್ ಕಳಿಸಬೇಕಾಗುತ್ತದೆ. ಬಹಳ ಸಲ ಕಾರಣ ಒಂದೇ. ನಾಯಿ ತಿಂಡಿ ತಿಂದಿರುತ್ತದೆ.

ಹಿಂದಿನ ದಿನ ಫೋನ್ ಮಾಡಿ ಹೇಳಿರುತ್ತೇವೆ. ಚೀಟಿಯಲ್ಲೂ ಬರೆದಿರುತ್ತೇವೆ. ಆದರೂ ಬೆಳಿಗ್ಗೆ ಕೇಳಿದರೆ ಮಾತು ಹೀಗೆ ಸಾಗುತ್ತದೆ. "ಏನೂ ಕೊಟ್ಟಿಲ್ರೀ ಸಾರ್." ಇನ್ನೊಂದು ಸಲ ಕೇಳಿದರೆ, "ಬರೇ ಒಂದ್ ಸ್ವಲ್ಪ ಹಾಲು." ಆಮೇಲೆ ಜೊತೆಗೆ ಬಂದ ಹುಡುಗಿ ಬಾಯಿ ಬಿಡುತ್ತಾಳೆ, "ಅಜ್ಜಿ ಎರಡು ದೋಸೆ ಹಾಕ್ತು." ಅಜ್ಜಿಯನ್ನು ಬೈಯೋಕೆ ನನಗೆ ಮನಸ್ಸು ಬರುವುದಿಲ್ಲ. ಆಪರೇಷನ್‌ಗೆ ಹೋಗುವ ಜೀವವನ್ನು ಖಾಲಿ ಹೊಟ್ಟೆಯಲ್ಲಿ ಕಳಿಸೋದಾ, ಸುಸ್ತಾಗಿ ಏನಾದರೂ ಆದರೆ ಅನ್ನೋದು ಅವರ ಸಂಕಟ.

ಆದರೆ ಆಗುವುದು ಉಲ್ಟಾ. ನಾವು ಮೊದಲು ಕೊಡುವ, ಮತ್ತು ಬರಿಸುವ ಇಂಜೆಕ್ಷನ್‌ಗಳಲ್ಲಿ ಕ್ಸೈಲಜೀನ್ ಅನ್ನುವುದು ಒಂದು. ಅದು ಬಿದ್ದ ಸ್ವಲ್ಪ ಹೊತ್ತಿಗೇ ಎಷ್ಟೋ ನಾಯಿ, ಬೆಕ್ಕುಗಳು ವಾಂತಿ ಮಾಡುತ್ತವೆ. ಎಚ್ಚರ ಇರುವಾಗ ವಾಂತಿ ಆದರೆ ಗಂಟಲು ತಾನೇ ಮುಚ್ಚಿಕೊಂಡು ಶ್ವಾಸನಾಳವನ್ನು ಕಾಪಾಡುತ್ತದೆ. ಮತ್ತಿನ ಔಷಧಿ ಏರಿದ ಮೇಲೆ ಆ ಕಾವಲು ಇರುವುದಿಲ್ಲ. ಆಗ ಹೊಟ್ಟೆಯಲ್ಲಿದ್ದ ದೋಸೆ, ಹಾಲು, ಅದರ ಜೊತೆ ಹೊಟ್ಟೆಯ ಆಮ್ಲ, ಎಲ್ಲಾ ಮೇಲಕ್ಕೆ ಬಂದು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಮೇಜಿನ ಮೇಲೇ ಉಸಿರು ಕಟ್ಟಬಹುದು. ಅದು ತಪ್ಪಿದರೂ ಎರಡು ದಿನಕ್ಕೆ ನ್ಯುಮೋನಿಯಾ ಆಗಿ, ಹೊಲಿಗೆ ಚೆನ್ನಾಗಿದ್ದರೂ ನಾಯಿ ಹೋಗಬಹುದು. ಗಂಟಲಿನಿಂದ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದರೆ ರಕ್ಷಣೆ ಜಾಸ್ತಿ, ನಿಜ. ಆದರೆ ಟ್ಯೂಬ್ ಹಾಕುವ ಮುಂಚಿನ ನಿಮಿಷಗಳು, ತೆಗೆದ ಮೇಲಿನ ನಿಮಿಷಗಳು ಇದ್ದೇ ಇರುತ್ತವಲ್ಲ. ಅಲ್ಲದೆ ಹೆಣ್ಣಿನಲ್ಲಿ ಅಂಡಾಶಯ ಒಳಗೆ ಆಳದಲ್ಲಿರುತ್ತದೆ, ತುಂಬಿದ ಹೊಟ್ಟೆ ಅಡ್ಡ ಬಂದರೆ ಹುಡುಕುವುದೂ ತ್ರಾಸ.

ಒಂದು ಶಿಬಿರದಲ್ಲಿ ನಾನು ಇದನ್ನೇ ಹೇಳಿ ಹೇಳಿ ಗಂಟಲು ಕಟ್ಟಿಕೊಂಡಿದ್ದೆ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಎದ್ದು ನಿಂತು, "ಅಲ್ರೇ, ನಿಮಗೆ ಮಕ್ಕಳ ಆಪರೇಷನ್ ಆದಾಗ ರಾತ್ರಿಯಿಂದ ಏನಾದ್ರೂ ಕೊಟ್ಟಿದ್ರಾ? ಇದೂ ಅದೇ ಆಪರೇಷನ್ನೇ" ಅಂದರು. ಅಲ್ಲಿಗೆ ಎಲ್ಲರಿಗೂ ಅರ್ಥ ಆಯಿತು. ಈಗ ನಾನೂ ಹಾಗೇ ಹೇಳುತ್ತೇನೆ.

ಸಾಮಾನ್ಯವಾಗಿ ಆರೋಗ್ಯವಾಗಿರುವ ದೊಡ್ಡ ನಾಯಿಗೆ ಹಿಂದಿನ ರಾತ್ರಿ ಹದವಾಗಿ ಊಟ ಕೊಟ್ಟು, ಬೆಳಿಗ್ಗೆ ಏನೂ ಕೊಡದೆ ತಂದರೆ ಸಾಕು. ನೀರು ಎಷ್ಟು ಹೊತ್ತಿನವರೆಗೆ ಕೊಡಬಹುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಕೆಲವೇ ತಿಂಗಳ ಮರಿಗಳ ಲೆಕ್ಕ ಬೇರೆ. ಅವು ಬಹಳ ಹೊತ್ತು ಉಪವಾಸ ಇದ್ದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಮರಿ, ವಯಸ್ಸಾದದ್ದು, ಕಾಯಿಲೆ ಇರುವುದು ಆದರೆ ನನ್ನ ಈ ಮಾತನ್ನು ಬಿಟ್ಟು, ನೋಡುವ ವೈದ್ಯರು ಹೇಳಿದ ಹಾಗೆ ಮಾಡಿ.

ಇನ್ನೊಂದು. ನೀವು ಕೊಡದಿದ್ದರೂ ಬೀದಿ ಕೊಡುತ್ತದೆ. ನಮ್ಮಲ್ಲಿ ಸಣ್ಣ ಮನೆಗಳ ನಾಯಿ ಅರ್ಧ ಮನೆಯದು, ಅರ್ಧ ಓಣಿಯದು. ಬೆಳಿಗ್ಗೆ ಐದಕ್ಕೆ ಚಿಕನ್ ಅಂಗಡಿ ಹಿಂದೆ ಒಂದು ಸುತ್ತು ಹೊಡೆದು ಬಂದಿರುತ್ತದೆ, ಮಾಲೀಕರು ಪಾಪ ಪ್ರಾಮಾಣಿಕವಾಗಿ "ಏನೂ ಕೊಟ್ಟಿಲ್ಲ" ಅನ್ನುತ್ತಾರೆ. ಅದಕ್ಕೆ ಹಿಂದಿನ ರಾತ್ರಿಯೇ ಕಟ್ಟಿಹಾಕಿ. ಅಕ್ಕಪಕ್ಕದ ಮನೆಯವರಿಗೂ ಹೇಳಿ. ಕೊಟ್ಟೇ ಬಿಟ್ಟಿದ್ದರೆ ಸುಳ್ಳು ಹೇಳಬೇಡಿ. ಆಮೇಲಿನ ಸರದಿಗೆ ಹಾಕಲು ಆಗುತ್ತದಾ ನೋಡುತ್ತೇವೆ, ಇಲ್ಲದಿದ್ದರೆ ಇನ್ನೊಂದು ದಿನ ಕೊಡುತ್ತೇವೆ.

ಆದರೆ ಆ ಇನ್ನೊಂದು ದಿನ ಯಾವಾಗ ಅನ್ನುವುದೇ ತೊಂದರೆ. ಶಿಬಿರ ವಾರ ವಾರ ನಡೆಯಲ್ಲ. ಅಷ್ಟರಲ್ಲಿ ನಾಯಿ ಬೆದೆಗೆ ಬಂದರೆ ರಕ್ತನಾಳಗಳು ಊದಿಕೊಂಡಿರುತ್ತವೆ, ರಕ್ತ ಹೋಗುವ ಭಯ ಜಾಸ್ತಿ. ಹಾಗಾಗಿ ಬಹಳ ವೈದ್ಯರು ಎರಡು ಮೂರು ತಿಂಗಳು ಕಾಯಿರಿ ಅನ್ನುತ್ತಾರೆ. ಓಣಿಯ ಗಂಡು ನಾಯಿಗಳು ಕಾಯುವುದಿಲ್ಲ. ಗರ್ಭ ಕಟ್ಟಿದರೆ ಸುಮಾರು 63 ದಿನಕ್ಕೆ ಮರಿ. ಗಂಡು ಮರಿಗಳನ್ನು ಯಾರಾದರೂ ಒಯ್ಯುತ್ತಾರೆ, ಹೆಣ್ಣು ಮರಿಗಳು ಗೋಣಿಚೀಲದಲ್ಲಿ ಬೈಪಾಸ್ ಹತ್ತಿರ ಹೋಗುತ್ತವೆ. ಬಿಟ್ಟುಬಂದವರೇ ನನ್ನ ಮುಂದೆ ಅತ್ತಿದ್ದಾರೆ.

ಶಿಬಿರ ತಪ್ಪಿದರೆ ಪಾಲಿಕೆಯವರ ನಾಯಿ ಗಾಡಿಗೆ ನಮ್ಮದನ್ನೂ ಹತ್ತಿಸಿ ಬಿಡೋಣ ಅಂತ ಕೆಲವರು ಯೋಚನೆ ಮಾಡುತ್ತಾರೆ. ಬೇಡ. 2023ರ ಎಬಿಸಿ, ಅಂದರೆ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿ ನಾಯಿಗಳದ್ದು ಸ್ಥಳೀಯ ಸಂಸ್ಥೆಯ ಜವಾಬ್ದಾರಿ, ಸಾಕಿದ ನಾಯಿಯದ್ದು ಸಾಕಿದವರದ್ದು. ಅದರ ಬದಲು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಫೀಸು ಕಡಿಮೆ, ಆದರೆ ಔಷಧಿ, ಹೊಲಿಗೆ ದಾರ ಹೊರಗಿನಿಂದ ತರಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ. ಖಾಸಗಿಯಲ್ಲಿ ಕೆಲವು ಸಾವಿರ ಆಗುತ್ತದೆ. ಕಂತಿನಲ್ಲಿ ಕೊಡ್ತೀನಿ ಅಂತ ಬಾಯಿಬಿಟ್ಟು ಕೇಳಿ, ನಾಚಿಕೆ ಏನೂ ಬೇಡ, ಒಪ್ಪುವ ಡಾಕ್ಟರುಗಳು ಇದ್ದಾರೆ. ಸುಮ್ನೆ ಮುಂದೂಡಿದರೆ, ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿಕೊಂಡು ಇದೇ ಆಪರೇಷನ್ನನ್ನು ಅರ್ಧರಾತ್ರಿ, ಹೆಚ್ಚು ದುಡ್ಡಿಗೆ, ಬದುಕುತ್ತದೋ ಇಲ್ಲವೋ ಅನ್ನುವ ಸ್ಥಿತಿಯಲ್ಲಿ ಮಾಡಿಸಬೇಕಾಗಬಹುದು.

ಮುಗಿಸಿಕೊಂಡು ಮನೆಗೆ ಹೋದ ಮೇಲೂ ಅದೇ ಅಜ್ಜಿ ಕಾಯುತ್ತಿರುತ್ತಾರೆ, ಕೋಳಿ ಸಾರು ಇಟ್ಟುಕೊಂಡು. ನಾಯಿ ತೂರಾಡದೆ ನಡೆಯುವವರೆಗೆ ಬಾಯಿಗೆ ಏನೂ ಹಾಕಬೇಡಿ. ಆಮೇಲೆ ಸ್ವಲ್ಪ ನೀರು, ಅದು ವಾಂತಿಯಾಗದೆ ಹೊಟ್ಟೆಯಲ್ಲಿ ನಿಂತರೆ ಸ್ವಲ್ಪ ಮೆತ್ತಗಿನ ಅನ್ನ. ಸಾರು ನಾಳೆಗೂ ಇರುತ್ತದೆ.

ಬೆಕ್ಕು ತರುವವರಿಗೂ ಇದೇ ಮಾತು. ಅದನ್ನು ಹಿಂದಿನ ರಾತ್ರಿ ಬಾಗಿಲು ಹಾಕಿ ಒಳಗೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೆಳಿಗ್ಗೆ ಇಲಿ ತಿಂದುಕೊಂಡು ಬರುತ್ತದೆ, ಅಥವಾ ಬರುವುದೇ ಇಲ್ಲ. ದಯವಿಟ್ಟು ಬಟ್ಟೆ ಚೀಲದಲ್ಲಿ ತರಬೇಡಿ. ಗಾಳಿ ಆಡುವ ತರಕಾರಿ ಕ್ರೇಟು ಎರಡು ಸಿಕ್ಕರೆ ಒಂದರ ಮೇಲೊಂದು ಬೋರಲು ಹಾಕಿ ಹಗ್ಗ ಕಟ್ಟಿ ತನ್ನಿ.