ಅಬ್ಲೇಷನ್ ಆದ ಮೇಲೂ ಎದೆಬಡಿತ ತಪ್ಪಿದರೆ

"ಡಾಕ್ಟ್ರೇ, ಇದನ್ನ ಮಾಡಿಸಿದ್ರೆ ಮತ್ತೆ ಬರಲ್ಲ ಅಲ್ವಾ?" ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ ಇರುವವರು ಅಬ್ಲೇಷನ್‌ನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಕೇಳುವ ಪ್ರಶ್ನೆ ಇದು. ರಕ್ತನಾಳದ ಮೂಲಕ ಹೃದಯಕ್ಕೆ ತಂತಿ ಕಳಿಸಿ, ಬಡಿತ ತಪ್ಪಿಸುವ ಜಾಗವನ್ನು ಸುಡುವುದೇ ಅಬ್ಲೇಷನ್. "ಬರಲ್ಲ" ಅಂತ ನಾನು ಯಾರಿಗೂ ಹೇಳುವುದಿಲ್ಲ.

ಎಲ್ಲ ಅಬ್ಲೇಷನ್ನೂ ಒಂದೇ ಅಲ್ಲ. ಹೃದಯದಲ್ಲಿ ಒಂದು ದಾರಿ ಜಾಸ್ತಿ ಇದ್ದು, ಬಡಿತ ನಡೆಸುವ ಕರೆಂಟು ಅದರಲ್ಲೇ ಸುತ್ತು ಹೊಡೆಯುವ ಎಸ್‌ವಿಟಿ (ಇದ್ದಕ್ಕಿದ್ದಂತೆ ಬಡಿತ ಜೋರಾಗುವ ತೊಂದರೆ) ಆದರೆ, ಆ ಜಾಗ ಸುಟ್ಟರೆ ಸಾಕು. ನೂರರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಅದು ಮತ್ತೆ ಕಾಡುವುದಿಲ್ಲ.

ಫಿಬ್ರಿಲೇಷನ್‌ನ ವಿಷಯ ಬೇರೆ. ಅದರ ಕಿಡಿ ಹೆಚ್ಚಾಗಿ ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳ ಒಳಗಿಂದ ಹೊರಡುತ್ತದೆ ಎಂದು 1998ರಲ್ಲಿ ಫ್ರಾನ್ಸಿನ ಬೋರ್ಡೋದ ಹೃದಯತಜ್ಞರು ತೋರಿಸಿಕೊಟ್ಟರು. ಸಾಮಾನ್ಯವಾಗಿ ನಾಲ್ಕು ನಾಳಗಳಿರುತ್ತವೆ. ಅವು ಎಡ ಮೇಲ್ಕೋಣೆಗೆ ತೆರೆದುಕೊಳ್ಳುವ ಬಾಯಿಯ ಸುತ್ತ ಸುಟ್ಟು ಬೇಲಿ ಹಾಕುತ್ತೇವೆ. ಮಾಗಿದ ಗಾಯದ ಕಲೆಯಲ್ಲಿ ಕರೆಂಟು ಹರಿಯುವುದಿಲ್ಲ.

ಇದು ಪರದೆಯ ಮೇಲೆ ಕಣ್ಣಿಗೆ ಕಾಣುತ್ತದೆ. ನಾಳದೊಳಗೆ ಇಟ್ಟ ತಂತಿಯಿಂದ ಪ್ರತಿ ಬಡಿತಕ್ಕೂ ಒಂದು ಚೂಪಾದ ಗೆರೆ ಏಳುತ್ತಿರುತ್ತದೆ. ಸುಡುತ್ತ ಹೋದಂತೆ ಗೆರೆ ತಡವಾಗಿ ಬರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮಾಯ. ಎಷ್ಟು ಸಲ ನೋಡಿದರೂ ನನಗೆ ಆಗ ಉಸಿರು ಹಗುರಾಗುತ್ತದೆ. ಆದರೆ ಕೆಲವು ಕಡೆ ಜೀವಕೋಶಗಳು ಸತ್ತಿರುವುದಿಲ್ಲ, ಊತದಿಂದ ಮಂಕಾಗಿರುತ್ತವೆ, ಅಷ್ಟೇ. ಊತ ಇಳಿದ ಮೇಲೆ ಚೇತರಿಸಿಕೊಳ್ಳುತ್ತವೆ. ಎರಡನೇ ಸಲ ಒಳಗೆ ಹೋದಾಗ ಅದೇ ಚೂಪು ಗೆರೆ ಮತ್ತೆ ಎದ್ದಿರುವುದನ್ನು ಎಷ್ಟೋ ಬಾರಿ ನೋಡಿದ್ದೇನೆ. ಹುಡುಕಿದರೆ ಬೇಲಿಯಲ್ಲಿ ಕೆಲವೇ ಮಿಲಿಮೀಟರ್ ಕಂಡಿ. ಬಲೂನಿನಿಂದ ಹೆಪ್ಪುಗಟ್ಟಿಸುವ ಕ್ರಯೋ ಇರಲಿ, ವಿದ್ಯುತ್ ಮಿಡಿತಗಳಿಂದ ಜೀವಕೋಶ ಸಾಯಿಸುವ ಹೊಸ ಪಲ್ಸ್ಡ್ ಫೀಲ್ಡ್ ಇರಲಿ, ಕಂಡಿ ಉಳಿಯುವುದೇ ಇಲ್ಲ ಎನ್ನುವ ವಿಧಾನ ಇನ್ನೂ ಬಂದಿಲ್ಲ.

ಬಂದು ಹೋಗುವ ಫಿಬ್ರಿಲೇಷನ್ ಇರುವವರಲ್ಲಿ, ಒಂದೇ ಸಲದ ಅಬ್ಲೇಷನ್ ನಂತರ ವರ್ಷದವರೆಗೆ ತೊಂದರೆ ಇಲ್ಲದೆ ಇರುವವರು ನೂರಕ್ಕೆ ಸುಮಾರು 70. ಬಿಡದೆ ಹಿಡಿದಿರುವ ಬಗೆಯಲ್ಲಿ ಇದಕ್ಕಿಂತ ಕಡಿಮೆ. ಆದರೆ ಅಧ್ಯಯನಗಳಲ್ಲಿ 30 ಸೆಕೆಂಡು ಬಂದರೂ ಸಾಮಾನ್ಯವಾಗಿ ಅದು ಮರುಕಳಿಸಿದ ಲೆಕ್ಕ. ವಾರಕ್ಕೆರಡು ಸಲ ಗಂಟೆಗಟ್ಟಲೆ ಎದೆ ಹೊಡೆದುಕೊಳ್ಳುತ್ತಿದ್ದವರಿಗೆ ಈಗ ವರ್ಷಕ್ಕೊಮ್ಮೆ ಐದು ನಿಮಿಷ ಬರುತ್ತದೆ ಅಂದುಕೊಳ್ಳಿ. ಅದನ್ನು ಸೋಲು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮೊದಲ ಎರಡು ಮೂರು ತಿಂಗಳಲ್ಲಿ ಬಡಿತ ತಪ್ಪಿದರಂತೂ ಎದೆಗುಂದಬೇಡಿ. ಗಾಯ ಇನ್ನೂ ಮಾಗುತ್ತಿರುತ್ತದೆ. ಡಾಕ್ಟರಿಗೆ ತಿಳಿಸಿ, ಇಸಿಜಿ ಮಾಡಿಸಿ.

ಬೇಲಿ ಗಟ್ಟಿಯಿದ್ದರೂ ಕೋಣೆಯ ಗೋಡೆ ಹಾಳಾಗುತ್ತ ಹೋದರೆ ಕಿಡಿ ಬೇರೆ ಕಡೆಯಿಂದ ಏಳುತ್ತದೆ. ಬಿಪಿ, ತೂಕ, ಮದ್ಯ, ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ, ಇವೆಲ್ಲ ಆ ಗೋಡೆಯನ್ನು ಹಿಗ್ಗಿಸುತ್ತವೆ, ಕೆಡಿಸುತ್ತವೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಿಬ್ರಿಲೇಷನ್ ಇದ್ದ ದಪ್ಪಗಿನವರ ಪೈಕಿ ತೂಕವನ್ನು ಶೇ. 10ರಷ್ಟಾದರೂ ಇಳಿಸಿದವರು ತೊಂದರೆಯಿಲ್ಲದೆ ಉಳಿಯುವ ಸಾಧ್ಯತೆ ಆರು ಪಟ್ಟು ಹೆಚ್ಚಿತ್ತು.

ಇನ್ನು ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗದಂತೆ ಕೊಡುವ ಮಾತ್ರೆ. ಎದೆ ಹಗುರಾಗಿದೆ ಅಂತ ಅದನ್ನು ಸುಮ್ನೆ ನಿಲ್ಲಿಸಬೇಡಿ. ಕೆಲವರಿಗೆ ಫಿಬ್ರಿಲೇಷನ್ ಬಂದದ್ದೇ ಗೊತ್ತಾಗುವುದಿಲ್ಲ. "ಚೆನ್ನಾಗಿದ್ದೀನಿ" ಅಂದವರ ಹೋಲ್ಟರ್ (ಮೈಗೆ ಕಟ್ಟಿಕೊಂಡು ದಿನವಿಡೀ ಬಡಿತ ದಾಖಲಿಸುವ ಯಂತ್ರ) ದಾಖಲೆಯಲ್ಲೇ ರಾತ್ರಿಯಿಡೀ ತಪ್ಪಿದ ಬಡಿತ ಕಂಡಿದ್ದೇನೆ. ಅಬ್ಲೇಷನ್ ಆದ ಮೇಲೆ ಕನಿಷ್ಠ ಎರಡು ತಿಂಗಳು ಈ ಮಾತ್ರೆ ಎಲ್ಲರಿಗೂ ಬೇಕು. ಆಮೇಲೆ ಬೇಕೋ ಬೇಡವೋ ಎನ್ನುವುದನ್ನು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬುದನ್ನೆಲ್ಲ ನೋಡಿ ತೀರ್ಮಾನಿಸುತ್ತೇವೆ. ಬಡಿತ ಸರಿಹೋಗಿದೆ ಅನ್ನುವುದೊಂದೇ ಕಾರಣ ಸಾಲದು.