ಸಂಜೆಯ ನಿರ್ಧಾರ ಬೆಳಿಗ್ಗೆಯೇ ಆಗಬೇಕು

ನಮ್ಮ ಕೊಡಗಿನಲ್ಲಿ ಮಿಲಿಟರಿ, ಹಾಕಿ, ಕುಡಿತ ಮೂರೂ ‘ರಕ್ತದಲ್ಲೇ ಬಂದದ್ದು’ ಅನ್ನುತ್ತಾರೆ. ಮೊದಲ ಎರಡನ್ನು ಎದೆಯುಬ್ಬಿಸಿ ಹೇಳುವವರು ಮೂರನೆಯದನ್ನು ಮನೋವೈದ್ಯನಾದ ನನ್ನೆದುರು ತಲೆ ತಗ್ಗಿಸಿ ಹೇಳುತ್ತಾರೆ. “ಇವರ ಅಪ್ಪನೂ ಹೀಗೇ, ಅಜ್ಜನೂ ಹೀಗೇ ಡಾಕ್ಟ್ರೇ, ಇವರಾದ್ರೂ ಏನು ಮಾಡ್ತಾರೆ?” ಎಂದು ಹೆಂಡತಿ ಕೇಳಿದರೆ, ಜೊತೆಗೆ ಬಂದ ಅಣ್ಣನ ಲೆಕ್ಕವೇ ಬೇರೆ. “ಮನಸ್ಸು ಮಾಡಿದ್ರೆ ನಾಳೆಯೇ ಬಿಡಬಹುದು. ಇವನಿಗೆ ಮನಸ್ಸಿಲ್ಲ, ಅಷ್ಟೆ.”

ಅಣ್ಣನ ಮಾತಿನಲ್ಲಿ ಅಪಾಯವೂ ಇದೆ. ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನದೊಳಗೆ ನಡುಕ, ಭ್ರಮೆ ಶುರುವಾಗಿ ಜೀವಕ್ಕೇ ಕುತ್ತು ಬರಬಹುದು. ಎಷ್ಟು ಗಟ್ಟಿ ಮನಸ್ಸಿನವರಾದರೂ ಅಷ್ಟೇ. ಮೊದಲು ವೈದ್ಯರನ್ನು ಕಾಣಬೇಕು.

ಇನ್ನು ರಕ್ತದ ಮಾತು. ಅದು ಪೂರ್ತಿ ಸುಳ್ಳಲ್ಲ. ಅವಳಿಗಳ ಮತ್ತು ದತ್ತುಮಕ್ಕಳ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರೆ, ಮದ್ಯವ್ಯಸನಕ್ಕೆ ಬೀಳುವ ಸಾಧ್ಯತೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಭಾಗಕ್ಕೆ ವಂಶವಾಹಿಗಳು ಕಾರಣ. ಹಾಗೆಂದು ‘ನನ್ನ ಕುಡಿತದಲ್ಲಿ ಅರ್ಧ ಪಾಲು ಅಪ್ಪನದು’ ಅನ್ನುವಂತಿಲ್ಲ. ಅದು ಇಡೀ ಜನಸಮೂಹದ ಲೆಕ್ಕ, ಒಬ್ಬನ ಜಾತಕವಲ್ಲ. ಆ ಲೆಕ್ಕವೂ ಊರಿಂದ ಊರಿಗೆ ಬದಲಾಗುತ್ತದೆ. ಫಿನ್ಲೆಂಡಿನಲ್ಲಿ ಹದಿಹರೆಯದ ಅವಳಿಗಳನ್ನು ಗಮನಿಸಿದಾಗ, ಕುಡಿತದ ಮೇಲೆ ವಂಶವಾಹಿಗಳ ಪ್ರಭಾವ ಪಟ್ಟಣಗಳಲ್ಲಿ ಹೆಚ್ಚಾಗಿಯೂ ಹಳ್ಳಿಗಳಲ್ಲಿ ಕಡಿಮೆಯಾಗಿಯೂ ಕಂಡಿತು. ನಾಲ್ಕು ಜನ ನೋಡುತ್ತಿರುವ ಕಡೆ ಹುಟ್ಟಿನಿಂದ ಬಂದ ಒಲವಿಗೂ ತಲೆಯೆತ್ತಲು ಆಸ್ಪದ ಕಡಿಮೆ.

ಹಾಕಿಯ ಕಥೆಯೂ ಹೆಚ್ಚುಕಡಿಮೆ ಇಂಥದ್ದೇ ಎಂದು ನನ್ನ ಅನಿಸಿಕೆ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ಒಕ್ಕದ (ಮನೆತನದ) ತಂಡದಲ್ಲಿ ಆಡುವುದುಂಟು. ಅಂಥ ಕಡೆ ಮಗುವಿನ ಕೈಗೆ ಸ್ಟಿಕ್ ಬರಲು ರಕ್ತವೇನೂ ಬೇಕಿಲ್ಲ. ಸ್ಟಿಕ್ ಹಿಡಿದವರೆಲ್ಲ ಭಾರತ ತಂಡ ಸೇರಲಿಲ್ಲ ಅನ್ನುವುದು ಬೇರೆ ಮಾತು. ವ್ಯಕ್ತಿ ಅನ್ನುವವನೂ ಒಬ್ಬ ಇದ್ದಾನಲ್ಲ.

ಈಚೆಗೆ ಮೊಬೈಲಿನಲ್ಲಿ ಓದಿಕೊಂಡು ಬರುವವರು ಹೊಸ ವಾದ ತರುತ್ತಾರೆ: ನಾವು ನಿರ್ಧರಿಸುವ ಮೊದಲೇ ಮಿದುಳು ನಿರ್ಧರಿಸಿರುತ್ತದಂತೆ! ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕೈ ಅಲುಗಿಸುವ ಇಚ್ಛೆ ಅರಿವಿಗೆ ಬರುವುದಕ್ಕೂ ಸುಮಾರು ಮೂರನೇ ಒಂದು ಸೆಕೆಂಡ್ ಮೊದಲೇ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಏರುತ್ತಿತ್ತು. ಅದರ ಅರ್ಥವೇನೆಂಬ ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಅದರಿಂದ ಹೆಚ್ಚು ಉಪಯೋಗವಾಗಿಲ್ಲ. ಸುಮ್ಮನೆ ಕುಳಿತು ಕೈ ಅಲುಗಿಸುವುದೇ ಬೇರೆ, ಬಟವಾಡೆ ಹಣ ಜೇಬಿನಲ್ಲಿಟ್ಟುಕೊಂಡು ವೈನ್‌ಶಾಪ್ ದಾಟಿ ಮನೆ ಸೇರುವುದೇ ಬೇರೆ.

ಮಾಜಿ ಸೈನಿಕರಿಗೆ ನಾನು ಹೇಳುವುದು ವಿಯೆಟ್ನಾಂ ವಿಚಾರ. 1971ರಲ್ಲಿ ಅಲ್ಲಿಂದ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ಅಧ್ಯಯನ ಮಾಡಿದರು. ಅಲ್ಲಿದ್ದಾಗ ಐವರಲ್ಲಿ ಒಬ್ಬ ಹೆರಾಯಿನ್‌ನಂಥ ಮಾದಕಕ್ಕೆ ದಾಸನಾಗಿದ್ದ. ಊರು ಸೇರಿದ ಮೊದಲ ವರ್ಷದಲ್ಲಿ ಅಂಥವರ ಪೈಕಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಹೆಚ್ಚಿನವರಿಗೆ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಯುದ್ಧ, ಜೊತೆಗಾರರು, ಕೈಗೆಟುಕುವ ಮಾಲು ಎಲ್ಲವೂ ಹಿಂದೆಯೇ ಉಳಿದಿದ್ದವು.

ನಮ್ಮಲ್ಲಿ ಆಗುವುದು ಇದರ ತಿರುಗುಮುರುಗು. ವಾರ್ಡಿನಲ್ಲಿ ಕುಡಿತ ಬಿಟ್ಟವನು ತೋಟದ ಕೂಲಿಗಳ ಅದೇ ಲೈನ್‌ಮನೆಗೆ ಅಥವಾ ಅದೇ ತೋಟದ ಬಂಗಲೆಗೆ ಮರಳುತ್ತಾನೆ. ಬಸ್ಸಿಳಿದರೆ ಎದುರಿಗೇ ಅಂಗಡಿ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದಿಲ್ಲ, ಕರೆಂಟಿಲ್ಲ, ಮಾತಿಗೆ ಜನವಿಲ್ಲ. ಮಾಜಿ ಸೈನಿಕನಾದರೆ ಮಿಲಿಟರಿ ಕ್ಯಾಂಟೀನಿನ ಅಗ್ಗದ ರಮ್ ಬೇರೆ. ಮದುವೆಗೆ ಹೋದರೆ “ಒಂದೇ ಒಂದು ತಗೊಳ್ಳಿ ಭಾವ” ಎನ್ನುವವರಿಗೇನೂ ಬರವಿಲ್ಲ.

ಸಂಜೆ ಏಳಕ್ಕೆ ಅಂಗಡಿ ಮುಂದೆ ನಿಂತವನ ಇಚ್ಛಾಶಕ್ತಿಯ ಮೇಲೆ ನನಗೆ ದೊಡ್ಡ ನಂಬಿಕೆಯಿಲ್ಲ. ಬೆಳಿಗ್ಗೆ ಎಂಟಕ್ಕೆ ಅದೇ ಮನುಷ್ಯನ ಮೇಲೆ ಇದೆ. ಬಟವಾಡೆಯನ್ನು ಹೆಂಡತಿಯ ಖಾತೆಗೆ ಹಾಕಿ ಎಂದು ತೋಟದ ಲೆಕ್ಕ ನೋಡುವ ರೈಟರ್‌ಗೆ ಹೇಳುವುದು, ಕ್ಯಾಂಟೀನ್ ಕಾರ್ಡನ್ನು ಮಗಳ ಕೈಗೆ ಕೊಡುವುದು, ಭಾವ ಗ್ಲಾಸ್ ಹಿಡಿದು ಬಂದರೆ ಏನು ಹೇಳಬೇಕೆಂದು ಮೊದಲೇ ಬಾಯಿಪಾಠ ಮಾಡಿಕೊಳ್ಳುವುದು, ಇವೆಲ್ಲ ಆಗಲೇ ಆಗಬೇಕಾದ ಕೆಲಸ. ಸುತ್ತಲಿನದು ನಮ್ಮನ್ನು ರೂಪಿಸುತ್ತದೆ ಎಂದು ಒಪ್ಪಿದವನಿಗೆ, ಅದರಲ್ಲೊಂದಿಷ್ಟನ್ನು ತಾನೇ ಬದಲಿಸುವ ಅವಕಾಶವೂ ಇದೆ.

ಕುಡಿತ ಬಿಡಲು ಕೊಡುವ ಡೈಸಲ್ಫಿರಾಂ ಮಾತ್ರೆಯನ್ನು ನಾನು ನೋಡುವುದೂ ಹೀಗೆಯೇ. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಸಾಮಾನ್ಯವಾಗಿ ಒಂದು ಕಿಣ್ವ ಅದನ್ನು ಬೇಗ ಒಡೆದುಹಾಕುತ್ತದೆ. ಈ ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ. ಮಾತ್ರೆ ನುಂಗಿ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಆಸೆಯನ್ನೇನೂ ಇದು ಅಷ್ಟಾಗಿ ಕಡಿಮೆ ಮಾಡುವುದಿಲ್ಲ. ಬೆಳಿಗ್ಗೆ ನುಂಗಿದವನು ಸಂಜೆಯ ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಂಡಿರುತ್ತಾನೆ, ಅಷ್ಟೆ. ಹೃದಯ, ಲಿವರ್ ತೊಂದರೆ ಇರುವವರಿಗೆ ಕೊಡುವಂತಿಲ್ಲ.

“ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಲೇ ಡಾಕ್ಟ್ರೇ?” ಎಂದು ಕೇಳುವ ಹೆಂಡತಿಯರಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಬೇಡವೇ ಬೇಡ ಅನ್ನುತ್ತೇನೆ. ತಿಳಿಯದೆ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಬದುಕುಳಿದರೂ ಅವನು ನಿರ್ಧರಿಸಿದ್ದೇನೂ ಇಲ್ಲ. ಅಡುಗೆಮನೆಯ ಮೇಲಿನ ನಂಬಿಕೆಯೂ ಹೋಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ವ್ಯಕ್ತಿಯ ಒಪ್ಪಿಗೆಗೆ ಬೆಲೆ ಕೊಟ್ಟಿದೆ. ಮುಂದೆ ತನಗೆ ತಿಳಿವಳಿಕೆ ತಪ್ಪಿದರೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ತಿಳಿವಳಿಕೆ ಇರುವಾಗಲೇ ಬರೆದಿಡಬಹುದು. ಹೀಗೆ ಬರೆದಿಡುವವರು ನಮ್ಮಲ್ಲಿ ತೀರಾ ಕಡಿಮೆ.

ಮಾತ್ರೆಗೆ ಒಪ್ಪಿದವರು ಮೊದಲು ಕೇಳುವುದು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ವಿಷಯ: ಹಬ್ಬಕ್ಕೆ ಒಂದು ದಿನ ಬಿಡಬಹುದಾ? ಬಿಟ್ಟರೂ ಮಾತ್ರೆಯ ಪರಿಣಾಮ ಎರಡು ವಾರದವರೆಗೂ ದೇಹದಲ್ಲಿ ಉಳಿಯಬಹುದು. ಹಬ್ಬ ಸೆಪ್ಟೆಂಬರ್ ಮೊದಲ ವಾರ. “ಕುಡಿಯಲೇಬೇಕು ಅನ್ನಿಸಿದರೆ ಆಗಸ್ಟ್ ಮಧ್ಯದಲ್ಲೇ ಬಂದು ಹೇಳಿ, ಆಗ ಮಾತಾಡೋಣ” ಅನ್ನುತ್ತೇನೆ.