ವೆಂಟಿಲೇಟರ್-ಮುಕ್ತ ದಿನ: ಇದು ಬರೀ ಕಳೆಯುವ ಲೆಕ್ಕ ಅಲ್ಲ

ಮೊನ್ನೆ ಭಾನುವಾರ ಮುಂಬೈನ ಮಾಟುಂಗಾದಲ್ಲಿ ನಮ್ಮ ಕನ್ನಡ ಬಳಗದವರು ಆರೋಗ್ಯದ ಬಗ್ಗೆ ಮಾತುಕತೆ ಇಟ್ಟುಕೊಂಡಿದ್ದರು. ಪರದೆ ಮೇಲೆ ಐಸಿಯು ಪ್ರಯೋಗವೊಂದರ ಅಂಕಿ ಬಂತು: ‘28 ದಿನಗಳಲ್ಲಿ ವೆಂಟಿಲೇಟರ್-ಮುಕ್ತ ದಿನ 12’. ಭಾಷಣಕಾರರು ಅಲ್ಲೇ ಕಳೆದುಬಿಟ್ಟರು. ‘ಅಂದ್ರೆ ರೋಗಿ 16 ದಿನ ವೆಂಟಿಲೇಟರ್ ಮೇಲಿದ್ದ.’ ಈ ಲೆಕ್ಕ ಕೇಳಿ ಕೇಳಿ ಸಾಕಾಗಿದೆ. ವೆಂಟಿಲೇಟರ್-ಮುಕ್ತ ದಿನ ಅಂದರೆ ರೋಗಿ ಬದುಕಿದ್ದು, ಯಂತ್ರದ ನೆರವಿಲ್ಲದೆ ಉಸಿರಾಡಿದ ದಿನ.

ಎಡವಟ್ಟು ಇರುವುದು ‘ಮುಕ್ತ’ದಲ್ಲಿ. ಸಂಸ್ಕೃತದ ‘ಮುಚ್’ ಅಂದರೆ ಬಿಡಿಸು. (ನಮ್ಮ ‘ಮುಚ್ಚು’ವಿಗೂ ಇದಕ್ಕೂ ನಂಟಿಲ್ಲ, ಅರ್ಥವೇ ಉಲ್ಟಾ.) ಋಣಮುಕ್ತ ಅಂದರೆ ಸಾಲ ತೀರಿಸಿದವನು. ಇಲ್ಲಿನವರು ಹೇಳುವ ‘ಖಡ್ಡೇಮುಕ್ತ’ (ಗುಂಡಿ ಇಲ್ಲದ) ರಸ್ತೆ ಅಂದರೆ... ಹೋಗಲಿ ಬಿಡಿ. ‘ಮುಕ್ತಿ’ ಬಂದದ್ದೂ ಅಲ್ಲಿಂದಲೇ. ತುಂಬಾ ನರಳಿ ಹೋದವರನ್ನು ‘ಪಾಪ, ಮುಕ್ತಿ ಸಿಕ್ತು’ ಅಂತೀವಿ, ಅಲ್ವಾ? ವೆಂಟಿಲೇಟರ್ ಲೆಕ್ಕದಲ್ಲಿ ಆ ಮುಕ್ತಿಗೆ ಸಿಗುವುದು ಸೊನ್ನೆ.

ಒಬ್ಬರಿಗೆ 10ನೇ ದಿನ ವೆಂಟಿಲೇಟರ್‌ನ ಉಸಿರಿನ ಕೊಳವೆ ತೆಗೆದರು, ಮತ್ತೆ ಹಾಕಲಿಲ್ಲ, ಬದುಕಿ ಮನೆಗೆ ಹೋದರು. ಅವರಿಗೆ 18. ಇನ್ನೊಬ್ಬರು 4ನೇ ದಿನವೇ ತೀರಿಕೊಂಡರು. ಕಳೆದರೆ 24 ಬರಬೇಕು, ಆದರೆ ಕೊಡುವುದು 0. ಹಾಗೆ ಕೊಡದಿದ್ದರೆ ಬೇಗ ಸಾಯಿಸುವ ಚಿಕಿತ್ಸೆಯೇ ಒಳ್ಳೆಯದು ಅನ್ನಿಸಿಕೊಳ್ಳುತ್ತಿತ್ತು! ಹಾಗಾಗಿ ಸರಾಸರಿಯನ್ನು 28ರಿಂದ ಕಳೆದು ಏನೂ ತಿಳಿಯಲಾಗದು. ಅದರೊಳಗೆ ಸಾವೂ ಸೇರಿದೆ.

2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 861 ರೋಗಿಗಳಿದ್ದರು. ಒಂದು ಗುಂಪಿಗೆ ವೆಂಟಿಲೇಟರ್‌ನಿಂದ ಸಣ್ಣ ಸಣ್ಣ ಉಸಿರು, ಇನ್ನೊಂದಕ್ಕೆ ದೊಡ್ಡದು. ಮುಕ್ತ ದಿನ 12 ಮತ್ತು 10. ಎರಡೇ ದಿನದ ವ್ಯತ್ಯಾಸ ಅಂತ ಮೂಗು ಮುರಿಯಬೇಡಿ. ಸಾವು ದೊಡ್ಡ ಉಸಿರಿನ ಗುಂಪಿನಲ್ಲಿ ಶೇ 39.8, ಸಣ್ಣ ಉಸಿರಿನ ಗುಂಪಿನಲ್ಲಿ ಶೇ 31.

ಒಬ್ಬೊಬ್ಬರು ಒಂದೊಂದು ಥರ ಎಣಿಸುವುದು ಬೇರೆ ತಲೆನೋವು. ದಿನ ಶುರುವಾಗುವುದು ಕೊಳವೆ ಹಾಕಿದಾಗಲೋ, ಪ್ರಯೋಗಕ್ಕೆ ಸೇರಿಸಿದಾಗಲೋ? ಮಾಸ್ಕ್‌ನಿಂದ ಕೊಡುವ ಉಸಿರು ಲೆಕ್ಕಕ್ಕಿದೆಯೋ? ತೆಗೆದ ಕೊಳವೆ ಮರುದಿನ ಮತ್ತೆ ಹಾಕಿದರೆ? ಆ 2000ದ ಪ್ರಯೋಗದವರು ಕನಿಷ್ಠ 48 ಗಂಟೆ ಸತತವಾಗಿ ತಾನೇ ಉಸಿರಾಡಬೇಕು ಅಂದಿದ್ದರು. ಇದನ್ನೆಲ್ಲ ಬರೆಯದೆ ಎರಡು ಪ್ರಯೋಗಗಳನ್ನು ಸುಮ್ನೆ ಹೋಲಿಸುವುದು ಸೇರಿನಲ್ಲಿ ಅಳೆದದ್ದನ್ನು ಕಿಲೋದಲ್ಲಿ ತೂಗಿದ್ದರ ಪಕ್ಕ ಇಟ್ಟ ಹಾಗೆ. ಅದಕ್ಕೇ ಎಲ್ಲರೂ ಒಂದೇ ರೀತಿ ಅಳೆಯಲಿ ಅಂತ ಏನೇನು ಅಳೆಯಲೇಬೇಕು ಅನ್ನುವ ಕನಿಷ್ಠ ಪಟ್ಟಿ ಮಾಡುವ ಕೆಲಸ ನಡೆದಿದೆ.

ನನಗೆ ಜಾಸ್ತಿ ಕಿರಿಕಿರಿ ಸೊನ್ನೆಯದ್ದೇ. 28ನೇ ದಿನವೂ ವೆಂಟಿಲೇಟರ್ ಮೇಲೆ ಜೀವ ಹಿಡಿದಿರುವವರಿಗೂ 0, ಸತ್ತವರಿಗೂ 0. ಕೋವಿಡ್ ಕಾಲದ ರೀಮ್ಯಾಪ್-ಕ್ಯಾಪ್ ಪ್ರಯೋಗದವರು ಇದನ್ನು ಬಿಡಿಸಿಟ್ಟರು. ಅವರದು 21 ದಿನದ ಲೆಕ್ಕ, ಎಣಿಸಿದ್ದು ಉಸಿರಾಟಕ್ಕಾಗಲಿ ರಕ್ತದೊತ್ತಡಕ್ಕಾಗಲಿ ಐಸಿಯುವಿನ ಆಸರೆ ಬೇಕಿಲ್ಲದ ದಿನಗಳನ್ನು. ಸತ್ತವರಿಗೆ ಸೊನ್ನೆಯಲ್ಲ, ಮೈನಸ್ 1.